ರಾಗಿ ಗಂಟಿಗೆ ತೂಗಿದ ಮಗು

ಗಂಟಿನ ಬಾಲ ಬಲಕ್ಕೆ ತಿರುಗಿತ್ತು. ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ ರಾಗಿ ಗಂಟು ಅದು. ಹಿಂದಿನ ವಾರ ಬಾಲ ಎಡಕ್ಕಿತ್ತು. ಇಂಥದ್ದನ್ನೆಲ್ಲ ನೆನಪಿಟ್ಟುಕೊಳ್ಳುವುದು ನನ್ನ ಸ್ವಭಾವ. ಜೊತೆಗೆ, ಆ ಗಂಟನ್ನು ಕಟ್ಟಿದ್ದವಳು ನನ್ನ ವಿದ್ಯಾರ್ಥಿನಿ ಪವಿತ್ರ, ಅವಳು ಎಡಗೈಯಲ್ಲಿ ಕೆಲಸ ಮಾಡುವವಳು.

ಗಂಟಿಗೆ ಆಮೇಲೆ ಬರುತ್ತೇನೆ. ನಾನು ನಂಜನಗೂಡಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಮುದಾಯ ಆರೋಗ್ಯ ಕಲಿಸುವ ಬೋಧಕಿಯಾಗಿದ್ದೆ. ಅವರನ್ನು ಕಾಲೇಜಿನ ವ್ಯಾನಿನಲ್ಲಿ ತುಂಬಿಕೊಂಡು ಹಳ್ಳಿಗಳಿಗೆ, ಕಾಡಂಚಿನ ಹಾಡಿಗಳಿಗೆ ಕರೆದೊಯ್ದು, ಮನೆಮನೆಯಲ್ಲಿ ಕೆಲಸ ಕಲಿಸುವುದು ನನ್ನ ಪಾಲಿನ ಪಾಠ. ವಯಸ್ಸಾಗಿ ನಿವೃತ್ತಳಾದವಳಲ್ಲ. ಆ ಕೆಲಸದಿಂದ ಹೊರಬಂದಿದ್ದೇನೆ, ಕಾರಣ ನನ್ನದು. ನನ್ನ ಜಾಗಕ್ಕೆ ಬಂದ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಫೀಲ್ಡ್‌ಗೆ ಹೋಗೋ ಮುಂಚೆ ಏನು ಓದ್ಕೊಂಡು ಹೋಗ್ಲಿ?" ಎಂದಳು. ಪುಸ್ತಕದ ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಫೋನ್ ಇಟ್ಟ ಮೇಲೆ ಆ ವ್ಯಾನಿನ ಸದ್ದು, ಮಕ್ಕಳ ಗಲಾಟೆ ಎಲ್ಲ ಒಟ್ಟಿಗೆ ನೆನಪಾಗಿ ಸುಮ್ಮನೆ ಕೂರಲಾಗಲಿಲ್ಲ. ಅವಳಿಗೆ ಹೇಳಬೇಕಾದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆ ಭೇಟಿಗೆ ಹೋದಾಗ ನರ್ಸಿನ ಚೀಲವನ್ನು ಬರಿ ನೆಲದ ಮೇಲೆ ಇಡಬಾರದು, ದಿನಪತ್ರಿಕೆ ಹಾಸಿ ಅದರ ಮೇಲೆ ಇಡಬೇಕು. ಮೊದಲ ವರ್ಷವೇ ಕಲಿಸುವ ವಿಧಾನ ಇದು. ಹದಿನಾರು ಎಂಬ ಊರಿನ ಒಂದು ಮನೆಯಲ್ಲಿ ದರ್ಶನ್ ಎಂಬ ಹುಡುಗ, ಮೈಸೂರಿನವನು, ಬಲು ಅಚ್ಚುಕಟ್ಟಾಗಿ ಪತ್ರಿಕೆ ಹಾಸಿ ಚೀಲ ಇಟ್ಟ. ಸಕ್ಕರೆ ಕಾಯಿಲೆಯ ಯಜಮಾನರು ಕಾಲಿನ ಗಾಯ ತೋರಿಸಲು ಕೂತವರು ಕಾಲನ್ನು ಮರೆತು ನೆಲವನ್ನೇ ನೋಡತೊಡಗಿದರು.

"ಏನಪ್ಪಾ, ಬುದ್ಧನ ಮ್ಯಾಲೆ ಬ್ಯಾಗ್ ಮಡಗಿದ್ದೀಯಲ್ಲ?"

ಪತ್ರಿಕೆಯ ಅರ್ಧ ಪುಟದಲ್ಲಿ ಬುದ್ಧನ ಚಿತ್ರವಿತ್ತು. ಗೋಡೆಯ ಮೇಲೂ ಬುದ್ಧನ ಪಟ, ಅದಕ್ಕೆ ಅಂದಿನ ಹೂವು. ದರ್ಶನ್ ಬೆವತುಹೋದ. ಯಜಮಾನರು ಕೋಪಿಸಿಕೊಳ್ಳಲಿಲ್ಲ. ಚೀಲವನ್ನು ತಾವೇ ಎತ್ತಿ, ಚಿತ್ರವನ್ನು ಬೆರಳಿನಿಂದ ಗೀರಿ ನೀಟಾಗಿ ಹರಿದುಕೊಂಡು, ಉಳಿದ ಕಾಗದವನ್ನು ಮತ್ತೆ ಹಾಸಿದರು. "ಈಗ ಮಡುಗು. ಇದ್ರಾಗೆ ಬರೀ ಸೈಟು ಮಾರಾಟದ ಅಡ್ವಟೈಸ್‌ಮೆಂಟ್ ಅದೆ, ಅದರ ಮ್ಯಾಲೆ ಏನ್ ಬೇಕಾರೂ ಮಡುಗು." ಅಂದಿನಿಂದ ನಮ್ಮ ಚೀಲಗಳ ಕೆಳಗೆ ಶೇರುಪೇಟೆಯ ಪುಟ. ಯಾವ ಮನೆಯ ಗೋಡೆಯ ಮೇಲೂ ಶೇರುಪೇಟೆಯ ಪಟ ಕಂಡಿರಲಿಲ್ಲ.

ಟಿ. ನರಸೀಪುರದ ಕಡೆಯ ಹಳ್ಳಿಗಳಲ್ಲಿ ಸಮೀಕ್ಷೆಗೆ ಹೋದಾಗ ಇನ್ನೊಂದು ಪಾಠ. ಹುಡುಗರು ಅಚ್ಚಾದ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಬಂದಿದ್ದರು. ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸಿನ ಎದುರು ದರ್ಶನ್ ನೆಟ್ಟಗೆ ನಿಂತು, "ತಮ್ಮ ಗೃಹದಲ್ಲಿ ಶೌಚಾಲಯದ ವ್ಯವಸ್ಥೆ ಇದೆಯೇ?" ಎಂದ. ಆಕೆ ಒಳಕ್ಕೆ ಕೂಗಿದಳು: "ಏನ್ರೀ, ಎಲೆಕ್ಷನ್ನೋರು ಬಂದವ್ರೆ, ಬನ್ನಿ!"

ಪವಿತ್ರ ಅದೇ ತಾಲ್ಲೂಕಿನವಳು. ಅವಳು ಏನೂ ಕೇಳದೆ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಅವರೆಕಾಯಿ ಎತ್ತಿಕೊಂಡಳು. ಮೊರ ಅರ್ಧ ತುಂಬುವಷ್ಟರಲ್ಲಿ ಆ ಮನೆಯ ಬಸಿರು, ಬಾಣಂತನ, ಬಿಪಿ, ಬಚ್ಚಲು ಎಲ್ಲವೂ ತಾನಾಗಿ ಬಂತು. ಅವಳು ಎಡಗೈಯಲ್ಲಿ ಸುಲಿಯುವುದನ್ನು ನೋಡಿ ಆ ಹೆಂಗಸು, "ಎಡಚಿ ಕಣ್ರವ್ವ ಇವ್ಳು! ಆದ್ರೂ ನನಗಿಂತ ಬಿರ್ರನೆ ಸುಲೀತಾಳೆ," ಎಂದು ನಕ್ಕಳು. ಆ ನಗು ಕೇಳಿದಾಗ ನನಗಾದ ಸಂತೋಷ ಇನ್ನೂ ಇದೆ.

ನಮ್ಮ ಉಪಪ್ರಾಂಶುಪಾಲರು ಶಾರದಾ ಮೇಡಂ ಮಾತ್ರ ಇಂಥ ಸಂತೋಷಕ್ಕೆ ಅಂಕ ಕೊಡುತ್ತಿರಲಿಲ್ಲ. "ಹರಟೆ ಬೇಡ ಅಂತಲ್ಲ. ಹರಟೆ ಆದ್ಮೇಲೆ ಅಳತೆ ಎಲ್ಲಿ?" ಎನ್ನುತ್ತಿದ್ದರು. ಅವರ ಮಾತು ತಪ್ಪಲ್ಲ. ಹಾಡಿಯ ಮಗುವಿನ ವಿಷಯದಲ್ಲಿ ನಮಗೆ ಬೇಕಾಗಿದ್ದುದೇ ಅಳತೆ.

ನಂಜನಗೂಡು ತಾಲ್ಲೂಕಿನ ಕಾಡಂಚಿನಲ್ಲಿ ಒಂದು ಸೋಲಿಗರ ಹಾಡಿ. ಅಲ್ಲಿ ರಂಗಿಯ ಹೆಣ್ಣು ಮಗು ಹುಟ್ಟುವಾಗಲೇ ಸಣ್ಣದು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ನಮ್ಮನ್ನು ಕರೆದು ಹೇಳಿದ್ದರು: ವಾರ ವಾರ ತೂಕ ಏರಬೇಕು. ಇಳಿದರೆ ಒಂದು ದಿನವೂ ಕಾಯದೆ ಕರೆತನ್ನಿ. ಇಂಥ ಮಕ್ಕಳು ಅತ್ತು ರಂಪ ಮಾಡಿ ತಿಳಿಸುವುದಿಲ್ಲ, ಹೆಚ್ಚು ನಿದ್ದೆ ಮಾಡುತ್ತ, ಕಡಿಮೆ ಚೀಪುತ್ತ, ಸದ್ದಿಲ್ಲದೆ ಸೊರಗುತ್ತವೆ. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮೊದಲ ಭೇಟಿಯಲ್ಲಿ ಸ್ಪ್ರಿಂಗ್ ತಕ್ಕಡಿಯನ್ನು ತೊಲೆಗೆ ನೇತುಹಾಕಿ, ಮಗುವನ್ನು ಅದರ ಜೋಲಿಯಲ್ಲಿ ಮಲಗಿಸಿದೆವು. ಮುಳ್ಳು ನಿಲ್ಲುತ್ತಿದ್ದಂತೆ ದರ್ಶನ್ ತನ್ನ ದೊಡ್ಡ ಗಂಟಲಿನಲ್ಲಿ, "ಎರಡು ಕೆಜಿಗೆ ಸ್ವಲ್ಪ ಮೇಲೆ, ಮೇಡಂ!" ಎಂದು ಕೂಗಿದ. ರಂಗಿಯ ಅತ್ತೆ ಕೇತಮ್ಮ ಒಂದೇ ನೆಗೆತಕ್ಕೆ ಬಂದು ಮಗುವನ್ನು ಜೋಲಿಯಿಂದ ಎತ್ತಿಕೊಂಡಳು.

"ಕೋಳಿ ಯಾಪಾರಕ್ಕೆ ಬಂದಿದ್ದೀಯೇನ್ಲಾ? ತೂಗಿ, ಬೀದಿಗೆಲ್ಲಾ ಕೇಳೂವಂಗೆ ರೇಟ್ ಕೂಗ್ತೀಯಲ್ಲ! ತೂಗಿದ್ ಕೂಸು ಇಳ್ದೋಯ್ತದೆ ಅಂತ ನಿಮ್ಮವ್ವ ಏಳ್ಕೊಟ್ಟಿಲ್ವಾ?"

"ಅಜ್ಜಿ, ಇದು ಸರ್ಕಾರದ..." ಎಂದು ಅವನು ಶುರುಮಾಡಿದ.

"ಸರ್ಕಾರಕ್ಕೆ ದೃಷ್ಟಿ ಇರಾಕಿಲ್ವಾ?"

ಬಾಗಿಲು ಮುಚ್ಚಿತು. ಇದನ್ನು ಹಾಡಿಯವರ ಮೂಢನಂಬಿಕೆ ಎಂದು ಬರೆದುಕೊಳ್ಳಬೇಡಿ. ಮೈಸೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕ, ಮಗುವಿನ ತೂಕ ಎಷ್ಟು ಎಂದು ಯಾರಾದರೂ ಕೇಳಿದರೆ ಕಾಫಿ ತರಲು ಎದ್ದು ಹೋಗುತ್ತಿದ್ದಳು. ಎಲ್ಲ ತಾಯಂದಿರಿಗೂ ಇರುವ ಭಯವನ್ನೇ ಕೇತಮ್ಮ ಬಾಯಿಬಿಟ್ಟು ಹೇಳಿದ್ದಳು, ಅಷ್ಟೇ.

ಮುಂದಿನ ವಾರ ಹೋದಾಗ ಒಳಕ್ಕೆ ಬಿಟ್ಟರು, ಮಗುವನ್ನು ನೋಡಲೂ ಬಿಟ್ಟರು, ತೂಗಲು ಮಾತ್ರ ಬಿಡಲಿಲ್ಲ. ತಾಯಿಯನ್ನು ಮಗುವಿನ ಸಮೇತ ನಿಲ್ಲಿಸಿ ತೂಗಿ ಲೆಕ್ಕ ಕಳೆಯೋಣವೆಂದರೆ ಕೇತಮ್ಮ, "ಕಂಕುಳಾಗಿದ್ರೂ ಕೂಸು ಕೂಸೇ ಅಲ್ವಾ?" ಎಂದಳು. ಜಾಣೆ.

ವ್ಯಾನಿನಲ್ಲಿ ವಾಪಸು ಹೊರಟೆವು. ಹುಲ್ಲಹಳ್ಳಿ ದಾಟಿದ ಮೇಲೆ ಪವಿತ್ರ ಹಿಂದಿನ ಸೀಟಿನಿಂದ ಎದ್ದು ಬಂದು ನನ್ನ ಪಕ್ಕ ಕೂತಳು. "ಮೇಡಂ, ನನ್ ತಮ್ಮಂಗೆ ಹುಷಾರಿಲ್ದೇ ಇದ್ದಾಗ ನಮ್ಮವ್ವ ಹರಕೆ ಹೊತ್ತಿತ್ತು. ನಂಜನಗೂಡು ದೇವಸ್ಥಾನದಲ್ಲಿ ಅವನನ್ನ ಬೆಲ್ಲಕ್ಕೆ ತೂಗಿದ್ವಿ."

"ತುಲಾಭಾರ."

"ಹೂಂ. ಅವತ್ತು ದೃಷ್ಟಿ ಗಿಷ್ಟಿ ಅಂತ ಯಾರೂ ಅನ್ನಲಿಲ್ಲ. ಸಾವಿರ ಜನ ನೋಡ್ತಿದ್ರು. ಅಲ್ಲಿ ಮಗೂನ ತೂಗೋದಲ್ಲ ಮೇಡಂ, ಬೆಲ್ಲಾನ ತೂಗೋದು."

ನಾನು ಅವಳ ಕೈ ಹಿಡಿದುಕೊಂಡೆ. ವಿದ್ಯಾರ್ಥಿಗಳ ಕೈ ಹಿಡಿಯುವ ಅಭ್ಯಾಸ ನನಗಿಲ್ಲ. ಕಾಲೇಜು ತಲುಪುವಷ್ಟರಲ್ಲಿ ನಾವು ನೋಟ್‌ಬುಕ್ಕಿನ ಹಿಂಬದಿಯಲ್ಲಿ, ಅಂಗೈಯಲ್ಲಿ, ವ್ಯಾನಿನ ಗಾಜಿನ ಧೂಳಿನ ಮೇಲೆ ಎಲ್ಲ ಕಡೆ ತಕ್ಕಡಿಯ ಚಿತ್ರ ಬರೆದಿದ್ದೆವು. ದರ್ಶನ್ ಬೆರಳಿನ ಮೇಲೆ ಪೆನ್ನನ್ನು ಸಮತೂಕ ನಿಲ್ಲಿಸಿ, "ಕೆಲಸ ಮಾಡುತ್ತೆ ಮೇಡಂ, ಕೆಲಸ ಮಾಡುತ್ತೆ!" ಎಂದು ಕುಣಿಯುತ್ತಿದ್ದ.

ಶಾರದಾ ಮೇಡಂ ಕೇಳಿ, "ಮಗೂಗೆ ತುಲಾಭಾರನಾ? ನಾವು ಕಾಲೇಜು ನಡೆಸ್ತಿದ್ದೀವೋ, ಸೇವೆ ಕೌಂಟರೋ?" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಒಂದು ಹಿಡಿ ರಾಗಿ ಎಷ್ಟು ಗ್ರಾಂ ಬರುತ್ತೆ?" ಎಂದರು. ಯಾರಿಗೂ ಗೊತ್ತಿರಲಿಲ್ಲ. ಮೆಸ್ಸಿನಿಂದ ರಾಗಿ ತರಿಸಿ, ಎಲ್ಲರ ಹಿಡಿಯನ್ನೂ ತೂಗಿಸಿದರು. ಕೊನೆಗೆ ತಮ್ಮದನ್ನೂ. ಎಲ್ಲಕ್ಕಿಂತ ಸಣ್ಣ ಹಿಡಿ ಅವರದೇ ಆಯಿತು. "ಯಾರ ಹಿಡಿ ಅಂತ ಮೊದಲೇ ಗೊತ್ತುಮಾಡ್ಕೊಳ್ಳಿ. ಪ್ರತಿ ಸಲ ಅದೇ ಕೈ ಇರಬೇಕು," ಎಂದು ಎದ್ದು ಹೋದರು. ಅನುಮತಿ ಸಿಕ್ಕಿತೆಂದು ನಮಗೆ ಅರ್ಥವಾಗಿದ್ದು ಅವರು ಹೋದ ಮೇಲೆ.

ಕೇತಮ್ಮನ ಎದುರು ಪವಿತ್ರಳೇ ಮಾತಾಡಿದಳು. ದೇವರ ಹೆಸರಲ್ಲಿ ಮಗುವನ್ನು ರಾಗಿಗೆ ತೂಗಬಹುದಾ ಎಂದಷ್ಟೇ ಕೇಳಿದಳು. ರಾಗಿ ಮನೆಯಲ್ಲೇ ಇರಲಿ, ಮಗು ಗಟ್ಟಿಯಾದ ಮೇಲೆ ನೀವೇ ದೇವರಿಗೆ ಒಪ್ಪಿಸಿ ಎಂದಳು. ಜೊತೆಗೆ ನಮ್ಮ ಉದ್ದೇಶವನ್ನೂ ಮುಚ್ಚಿಡದೆ ಹೇಳಿದಳು: "ಮಗು ತೂಕ ಏರ್ತದೋ ಇಳೀತದೋ ನಮಗೂ ಗೊತ್ತಾಗ್ಬೇಕು ಅಜ್ಜಿ. ನಂಬರ್ ಯಾರೂ ಬಾಯಿಬಿಟ್ಟು ಹೇಳಲ್ಲ."

ಕೇತಮ್ಮ ದರ್ಶನ್ ಕಡೆ ನೋಡಿದಳು. "ಇವ್ನು?"

"ನಾನು ಉಸಿರೂ ಬಿಡಲ್ಲ ಅಜ್ಜಿ."

"ಉಸ್ರು ಬುಡು. ಬಾಯಿ ಮುಚ್ಕೋ." ಆಮೇಲೆ ನಮ್ಮತ್ತ ತಿರುಗಿ, "ಮಾದಪ್ಪನ ಎಸ್ರಲ್ಲಿ ಅಂದ್ರೆ ನಾನ್ಯಾಕೆ ಬ್ಯಾಡ ಅನ್ಲಿ? ತೂಗಿ," ಎಂದಳು.

ಒಂದು ಬಿದಿರಿನ ಗಳವನ್ನು ನಡುವಿಗೆ ಹಗ್ಗ ಕಟ್ಟಿ ತೊಲೆಗೆ ನೇತುಹಾಕಿದೆವು. ಎರಡು ತುದಿಗೂ ಒಂದೇ ಸೀರೆಯ ಎರಡು ತುಂಡುಗಳ ಜೋಲಿ. ಖಾಲಿ ಜೋಲಿಗಳಲ್ಲಿ ಗಳ ಮಟ್ಟವಾಗಿ ನಿಲ್ಲುವವರೆಗೆ ಹಗ್ಗ ಸರಿಸಿದೆವು. ಮಗುವನ್ನು ಮಲಗಿಸಿದ್ದು ರಂಗಿ, ರಾಗಿ ಸುರಿದದ್ದು ಕೇತಮ್ಮ. ಗಳ ನಿಧಾನವಾಗಿ ಎದ್ದು, ತೂಗಾಡಿ, ಮಟ್ಟಕ್ಕೆ ನಿಂತಾಗ ಹಾಡಿಯ ಹೆಂಗಸರೆಲ್ಲ ಬಾಗಿಲಲ್ಲಿದ್ದರು. ಯಾರೋ ಮಾದಪ್ಪನಿಗೆ ಉಘೇ ಅಂದರು. ರಾಗಿಯನ್ನು ಪವಿತ್ರ ಹಸಿರು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಹೊರಗೆ ಬಂದು ಆ ಗಂಟನ್ನು ನಮ್ಮ ಸ್ಪ್ರಿಂಗ್ ತಕ್ಕಡಿಗೆ ಹಾಕಿದೆವು. ರಾಗಿ ತೂಗಲು ಯಾರ ಅಡ್ಡಿಯೂ ಇರಲಿಲ್ಲ. ಗ್ರಾಮಿನ ಲೆಕ್ಕ ನಮ್ಮ ಬಳಿ, ಗಂಟು ದೇವರ ಗೂಡಿನಲ್ಲಿ.

ಇದರ ಸೊಗಸು ನಮಗೆ ಮುಂದಿನ ವಾರ ತಿಳಿಯಿತು. ಆ ಗಂಟು ಎಂದರೆ ಹೋದ ವಾರದ ಮಗು. ಒಂದು ಕಡೆ ಅದನ್ನಿಟ್ಟು, ಇನ್ನೊಂದು ಕಡೆ ಈ ವಾರದ ಮಗುವನ್ನು ಮಲಗಿಸಿದರೆ, ಮಗುವಿನ ಕಡೆ ಕೆಳಗೆ ಇಳಿಯಿತು! ಗಳ ಮಟ್ಟವಾಗಲು ಕೇತಮ್ಮ ಒಂದು ಹಿಡಿ ರಾಗಿ ಹಾಕಬೇಕಾಯಿತು, ಇನ್ನೂ ಒಂದು, ಅರ್ಧ. ಮಗುವಿನ ಬೆಳವಣಿಗೆ ನಕ್ಷೆಯ ಗೆರೆ ತೋರಿಸಿ ನಾವು ಎಷ್ಟು ವಿವರಿಸಿದರೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ ಹೆಂಗಸರು, ಈಗ ಆ ಹಿಡಿಗಳನ್ನು ನೋಡಿ ಕೇಕೆ ಹಾಕಿದರು. ಪಕ್ಕದ ಮನೆಯವಳು ತನ್ನ ಮಗುವನ್ನೂ ಎತ್ತಿಕೊಂಡು ಬಂದಳು. ಆ ದಿನ ವ್ಯಾನಿನಲ್ಲಿ ನಾನೂ ಹಾಡಿದೆ ಎಂದು ಹುಡುಗರು ಹೇಳುತ್ತಾರೆ. ನನಗೆ ಅಷ್ಟು ನೆನಪಿಲ್ಲ.

ಒಂದು ಮಾತು ಮಾತ್ರ ಆ ಮನೆಯಲ್ಲಿ ನಡೆಯಲಿಲ್ಲ. ರಂಗಿ ಏನು ಉಣ್ಣುತ್ತಾಳೆ ಎಂದು ಕೇಳಿದಾಗಲೆಲ್ಲ ಕೇತಮ್ಮ, "ಪಥ್ಯ," ಎನ್ನುತ್ತಿದ್ದಳು. ಹಗಲಿಗೆ ಒಂದು ಸಣ್ಣ ಮುದ್ದೆ, ಮೆಣಸಿನ ಸಾರು. ಸಂಜೆಯ ಮೇಲೆ ಏನೂ ಇಲ್ಲ. "ಬಾಣ್ತಿ ಎಚ್ಚಿಗೆ ಉಂಡ್ರೆ ಕೂಸಿಗೆ ಒಟ್ಟೆನೋವು. ನಾನೂ ಅಂಗೇ ಎತ್ತಿದ್ದು." ಚಿತ್ರಪಟ ತೋರಿಸಿದೆವು. ಪವಿತ್ರ ಪಕ್ಕದಲ್ಲಿ ಕೂತು ಹೇಳಿದಳು. ಕೇತಮ್ಮ ಒಪ್ಪಿದಂತೆ ತಲೆಯಾಡಿಸಿದಳು. ಮುದ್ದೆ ಸಣ್ಣದಾಗಿಯೇ ಉಳಿಯಿತು.

ಈಗ ಗಂಟಿಗೆ ಬರುತ್ತೇನೆ.

ಆ ಬೆಳಿಗ್ಗೆ ಗಳ ಕಟ್ಟಿ ಮಗುವನ್ನು ಮಲಗಿಸಿದಾಗ ಮಗುವಿನ ಕಡೆ ಎಂದಿಗಿಂತ ಜೋರಾಗಿ ಕೆಳಗಿಳಿಯಿತು. ದರ್ಶನ್ ಬಾಯಿಗೆ ಎರಡೂ ಕೈ ಮುಚ್ಚಿಕೊಂಡು ಕುಣಿದ. ಕೇತಮ್ಮ ಒಂದು ಹಿಡಿ ಹಾಕಿದಳು, ಸಾಲಲಿಲ್ಲ. ಎರಡು, ಸಾಲಲಿಲ್ಲ. ಮೂರು. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು. "ಆನೆಮರಿ ಕಣವ್ವ ಇದು!" ಎಂದು ಯಾರೋ ಅಂದರು. ನಾನೂ ನಗುತ್ತಿದ್ದೆ.

ರಾಗಿ ಸೇರಿಸಿ ಮತ್ತೆ ಕಟ್ಟಲು ಪವಿತ್ರ ಗಂಟು ಎತ್ತಿಕೊಂಡಳು. ಆಗ ಕಂಡಿತು, ಬಾಲ ಬಲಕ್ಕಿತ್ತು. ಪವಿತ್ರಳ ಕೈ ನಿಂತಿತು. ಅವಳು ನನ್ನನ್ನು ನೋಡಿದಳು, ನಾನು ಮಗುವನ್ನು. ತಕ್ಕಡಿ ಒಂದು ಹೇಳುತ್ತಿತ್ತು, ಮಗುವಿನ ತೊಡೆಯ ಸುಕ್ಕು ಇನ್ನೊಂದು ಹೇಳುತ್ತಿತ್ತು. ಇಷ್ಟೆಲ್ಲ ಗದ್ದಲದಲ್ಲೂ ಅದು ಎಚ್ಚರವಾಗಿರಲಿಲ್ಲ. ಬಾಗಿಲ ಬಳಿ ರಂಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ನೆಲ ನೋಡುತ್ತಿದ್ದಳು.

ಗಂಟನ್ನು ಯಾರೋ ಬಿಚ್ಚಿ ಬಲಗೈಯಲ್ಲಿ ಕಟ್ಟಿದ್ದರು. ರಾಗಿ ಕಡಿಮೆಯಾಗಿತ್ತು, ಆದ್ದರಿಂದ ಮಗು ಭಾರವಾಗಿ ಕಂಡಿತ್ತು. ಯಾರು ಎಂದು ಬಾಯಿಬಿಟ್ಟು ಹೇಳಿದರೆ, ದೇವರ ರಾಗಿ ಕದ್ದವಳು ಎಂಬ ಹೆಸರು ಇಡೀ ಹಾಡಿಯ ಎದುರು ರಂಗಿಗೆ ಅಂಟುತ್ತದೆ. ಹೇಳದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ, ಮುಂದಿನ ವಾರದವರೆಗೆ ಮಗು ಇರುತ್ತದೋ ಇಲ್ಲವೋ.

"ಅಜ್ಜಿ," ಎಂದೆ, "ರಾಗಿ ಒಣಗಿ ಹಗುರ ಆಗಿರಬೇಕು. ಮೊದಲು ಹಳೇ ಗಂಟನ್ನೇ ಒಂದ್ಸಲ ತೂಗಿ, ಸರಿಮಾಡಿ, ಮತ್ತೆ ಮಗೂನ ಮಲಗಿಸೋಣ."

ಕೇತಮ್ಮ ಎರಡು ಕಾಳು ಎತ್ತಿ ಹಲ್ಲಿಗೆ ಹಾಕಿ ಕಡಿದಳು. ನೆರೆಯವರ ಕಡೆ ತಿರುಗಿ, "ಆಟ ಮುಗೀತು, ಓಗ್ರವ್ವ. ಒಲೆ ಮ್ಯಾಲೆ ಏನಾರ ಸೀದೋದಾತು," ಎಂದು ಎಲ್ಲರನ್ನೂ ಕಳಿಸಿದಳು.

ಕೇತಮ್ಮ ಹಾಕಿದ ಹೊಸ ಹಿಡಿಗಳನ್ನು ತೆಗೆದು, ಹೋದ ವಾರದ ಲೆಕ್ಕಕ್ಕೆ ಸರಿಯಾಗಿ ಗಂಟನ್ನು ತುಂಬಿದೆವು. ರಂಗಿ ಮಗುವನ್ನು ಮತ್ತೆ ಮಲಗಿಸಿದಳು. ಗಳ ಅಲುಗಿತು. ಮಗುವಿನ ಕಡೆ ನಿಧಾನವಾಗಿ ಮೇಲಕ್ಕೆ ಎದ್ದಿತು, ಅಲ್ಲೇ ನಿಂತಿತು. ವಿವರಿಸುವ ಅಗತ್ಯ ಯಾರಿಗೂ ಇರಲಿಲ್ಲ. ಕೇತಮ್ಮ ಮಗುವನ್ನು ನೋಡಲಿಲ್ಲ, ಸೊಸೆಯನ್ನು ನೋಡಿದಳು.

"ಒಟ್ಟೆ ತಡೀನಿಲ್ಲ ಅತ್ತೆ," ಎಂದಳು ರಂಗಿ.

"ಉರ್ಕಂಡ್ ತಿಂದ್ಯಾ?"

"ಗಂಜಿ ಮಾಡ್ಕಂಡೆ. ನೀವು ಸೌದೆಗೆ ಓದಾಗ."

ಕೇತಮ್ಮ ಗಳವನ್ನು ಒಂದು ಕೈಯಲ್ಲಿ ಹಿಡಿದುಕೊಂಡಳು.

"ಉಪ್ಪಾಕಿದ್ಯಾ?"

"ಊಂ."

"ಮಾದಪ್ಪ ತನ್ ಬಾಯಲ್ಲೇ ಬಂದು ಉಂಡಿದ್ದು ಯಾವ ಕಾಲದಲ್ಲಿ? ಯಾರ್ ಬಾಯಲ್ಲೋ ಉಣ್ತಾನೆ." ಮಗುವನ್ನು ಜೋಲಿಯಿಂದ ಎತ್ತಿ ಸೊಸೆಯ ಎದೆಗೆ ಒತ್ತಿದಳು. "ಏಳು, ಕೂಸ್ನ ಬೆಚ್ಚಗೆ ಅವುಚ್ಕೋ. ಮೇಡಮ್ಮ, ನಿಮ್ ಗಾಡಿ ಎಲ್ಲದೆ?"

ಎಲ್ಲರನ್ನೂ ವ್ಯಾನಿಗೆ ಹತ್ತಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಪವಿತ್ರ ರಂಗಿಯ ಸೆರಗಿನೊಳಗೆ ಮಗುವನ್ನು ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ಹಸಿರು ಬಟ್ಟೆಯನ್ನೇ ಸುತ್ತಿ ಕಟ್ಟಿದಳು. ದರ್ಶನ್ ಆಸ್ಪತ್ರೆಗೆ ಫೋನ್ ಮಾಡಿ, ಈ ಸಲ ತಗ್ಗಿದ ದನಿಯಲ್ಲಿ, ತೂಕ, ಉಸಿರು, ಚೀಪುವಿಕೆ ಎಲ್ಲವನ್ನೂ ಕ್ರಮವಾಗಿ ಒಪ್ಪಿಸಿದ. ನಾನು ಒಂದು ಪದವನ್ನೂ ತಿದ್ದಬೇಕಾಗಲಿಲ್ಲ. ಕೇತಮ್ಮ ಡ್ರೈವರ್ ಪಕ್ಕದಲ್ಲಿ ಕೂತು, "ಅಂಪ್ ಬಂದಾಗ ಮೆಲ್ಗೆ, ರೋಡ್ ಇದ್ದಾಗ ಬಿರ್ರನೆ," ಎಂದು ನಂಜನಗೂಡಿನವರೆಗೂ ಅಪ್ಪಣೆ ಕೊಡಿಸುತ್ತಿದ್ದಳು. ಡ್ರೈವರ್ ಒಮ್ಮೆ, "ಅಜ್ಜಿ, ನೀವೇ ಓಡಿಸ್ತೀರಾ?" ಎಂದ. "ಕೊಟ್ರೆ ಓಡುಸ್ತೀನಿ," ಎಂದಳು.

ಡಾಕ್ಟರು ಮಗುವನ್ನು ಒಳಕ್ಕೆ ತೆಗೆದುಕೊಂಡರು. ಈ ಹಂತದಲ್ಲೇ ತಂದದ್ದು ಒಳ್ಳೆಯದಾಯಿತು ಎಂದರು. ಮಗುವಿಗೆ ಬೇಕಾದದ್ದು ಶಾಖ, ಹಾಲು ಮತ್ತು ಚೀಪಲು ಸ್ವಲ್ಪ ನೆರವು. ಆ ಹಾಲಿಗೆ ಬೇಕಾದದ್ದು ರಂಗಿಯ ತಟ್ಟೆಯಲ್ಲಿತ್ತು. ಸಂಜೆ ವಾರ್ಡಿಗೆ ಹೋದಾಗ ಅವಳ ಮುಂದೆ ದೊಡ್ಡ ಮುದ್ದೆ, ಸೊಪ್ಪಿನ ಸಾರು, ಮೊಟ್ಟೆ ಇದ್ದವು. ಹೊರಗೆ ಸೂರ್ಯ ಮುಳುಗಿದ್ದ. ಕೇತಮ್ಮ ಎದುರು ಕೂತು, ಮುದ್ದೆ ಮುರಿಯುವ ಕೈಯನ್ನೇ ನೋಡುತ್ತ, "ನಿಧಾನ, ನೆತ್ತಿಗೇರ್ತದೆ," ಎನ್ನುತ್ತಿದ್ದಳು.

ಮಗು ಚೇತರಿಸಿಕೊಂಡು ಹಾಡಿಗೆ ಮರಳಿತು. ಗಳ ಮತ್ತೆ ತೊಲೆಗೆ ಏರಿತು, ಮಗುವಿನ ಕಡೆ ಕೆಳಗಿಳಿಯಿತು. ಈ ಸಲ ನಿಜವಾಗಿ. ಗಂಟು ಎಷ್ಟು ದಪ್ಪವಾಯಿತೆಂದರೆ ಕೊನೆಗೆ ಹಸಿರು ಬಟ್ಟೆ ಸಾಲದೆ ಹೋಯಿತು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ಆಸ್ಪತ್ರೆಯಿಂದ ಹೊರಬರುವಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ರಾಗಿ ನಂಬಿಕೆಗೆ ಅರ್ಹವಲ್ಲ. ತಿನ್ನುವ ವಸ್ತುವನ್ನು ತೂಕದ ಬಟ್ಟಾಗಿ ಇಟ್ಟರೆ ಲೆಕ್ಕ ಕೆಡುತ್ತದೆ. ಬೇರೆ ಹಾಡಿಗಳಿಗೂ ಈ ವಿಧಾನ ಒಯ್ಯುವುದಾದರೆ ತಿನ್ನಲಾಗದ್ದನ್ನೇ ಕಟ್ಟಬೇಕು.

ಮರುದಿನ ಬೆಳಿಗ್ಗೆ ತರಗತಿಗೆ ಮುಂಚೆ ಕಪಿಲಾ ನದಿಯ ಸೋಪಾನಕಟ್ಟೆಗೆ ಹೋದೆ. ಸ್ನಾನ ಮಾಡುವವರಿಂದ ಸ್ವಲ್ಪ ದೂರ, ನೀರಿಗೆ ಕೈ ಇಳಿಸಿ ನುಣ್ಣನೆಯ ಉರುಟು ಕಲ್ಲುಗಳನ್ನು ಆರಿಸಿ ಚೀಲಕ್ಕೆ ಹಾಕಿಕೊಂಡೆ. ಬಟ್ಟೆ ಹಿಂಡುತ್ತಿದ್ದ ಹೆಂಗಸೊಬ್ಬಳು, "ಪೂಜೆಗಾ?" ಎಂದಳು. "ಪಾಠಕ್ಕೆ," ಎಂದೆ. ಚೀಲ ತುಂಬಿತು. ಎತ್ತಿಕೊಂಡು ಎರಡು ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತೆ. ಆ ಗಂಟಿನಲ್ಲಿ ಕಲ್ಲುಗಳಿದ್ದಿದ್ದರೆ ಲೆಕ್ಕ ಕೆಡುತ್ತಿರಲಿಲ್ಲ, ಮಗು ಇಳಿದದ್ದು ನಮಗೆ ತಿಳಿಯುತ್ತಿತ್ತು. ರಂಗಿ ಹಸಿದಿದ್ದಾಳೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ಗಂಜಿಯೂ ಇರುತ್ತಿರಲಿಲ್ಲ.

ಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟೆ. ಖಾಲಿ ಚೀಲ ಒದ್ದೆಯಾಗಿಯೇ ಇತ್ತು, ಹಿಂಡಿಕೊಂಡು ಪೇಟೆ ಬೀದಿಗೆ ನಡೆದೆ. ಬಾಗಿಲು ತೆರೆದಿದ್ದ ಮೊದಲ ದಿನಸಿ ಅಂಗಡಿಯಲ್ಲಿ ರಾಗಿ ಕೇಳಿದೆ.

"ಬಿತ್ತನೆಗಾ ಮೇಡಂ, ಇಟ್ಟು ಮಾಡ್ಸೋಕಾ?" ಎಂದ ಅಂಗಡಿಯವನು, ಅಳೆಯುವ ಪಾವನ್ನು ಕೈಯಲ್ಲಿ ಹಿಡಿದು.

"ಉಣ್ಣೋಕೆ," ಎಂದೆ. "ಒಳ್ಳೇದು ಕೊಡಿ."